ಅಕ್ಕನ ಮಣ್ಣಿಗೆ ಮುಟ್ಟದ ಸೀರೆ

ಅಕ್ಕನ ಮಣ್ಣಿಗೆ ನಾನು ಹೊತ್ತಿಗೆ ಸರಿಯಾಗಿ ಹೋಗಲಿಲ್ಲ. ತವರಿನ ಸೀರೆ ಅವಳ ಮೈಮೇಲೆ ಬೀಳಲಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಇದನ್ನು ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನವರು ಸೀರೆ ತರಬೇಕು. ಅದನ್ನು ಉಡಿಸಿದ ಮೇಲೆಯೇ ಕುಣಿಯಲ್ಲಿ ಕೂಡಿಸಿ ಮಣ್ಣು ಮಾಡುವುದು. ಉಪ್ಪು, ವಿಭೂತಿ, ಪತ್ರಿ, ಕುಣಿ ತೋಡುವವರ ಕೂಲಿ ಎಲ್ಲ ಗಂಡನ ಮನೆಯದು, ಸೀರೆಯೊಂದು ನಮ್ಮದು. ಗಜೇಂದ್ರಗಡದಲ್ಲಿ ಸೀರೆ ನೇಯ್ದೇ ಉಣ್ಣುವವರಿಗೆ ಅದೇನು ದೊಡ್ಡ ಖರ್ಚು ಎಂದು ಯಾರಾದರೂ ಕೇಳಬಹುದು.

ಐವತ್ತರ ದಶಕದ ಒಂದು ಬೇಸಿಗೆ. ಸಂಜೆಯ ಮೋಟಾರಿನಲ್ಲಿ ನರಗುಂದದಿಂದ ಸುದ್ದಿ ಬಂತು. ಅಕ್ಕ ತೀರಿಕೊಂಡಿದ್ದಳು, ಮರುದಿನ ಮಣ್ಣು. ಅವ್ವ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು.

"ಪೆಟ್ಟಿಗ್ಯಾಗಿನ ರೇಶ್ಮಿ ದಡಿ ಸೀರಿ ತಗೊಂಡು ಮುಂಜಾನಿ ಮೋಟಾರಿಗೇ ಹೋಗೋ ತಮ್ಮಾ," ಎಂದಳು ಅವ್ವ.

"ಅದು ನೂಲು ಕೊಟ್ಟ ಸಾವಕಾರಗ ಕೊಡೂದೈತಿ, ಯವ್ವಾ. ಮಗ್ಗದ ಮ್ಯಾಲಿಂದು ಎರಡ ಮೊಳ ಉಳದೈತಿ, ಮುಗಿಸಿ ಮಧ್ಯಾನ ಹೊಂಟೇನಿ. ತವರವರು ಬರೂತನಾ ಅವರು ಹೆಣಾ ಎತ್ತೂದಿಲ್ಲ."

ಮಗ್ಗದ ಮೇಲಿದ್ದದ್ದು ಬರೀ ಹತ್ತಿಯದು. ಮಣ್ಣಿಗೆ ಹೋಗುವ ಸೀರೆಗೆ ರೇಷ್ಮೆ ಅಂಚು ಯಾಕೆ ಎಂದು ನನ್ನ ಮನಸ್ಸಿನಲ್ಲಿತ್ತು. ನಸುಕಿನಲ್ಲೇ ಮಗ್ಗಕ್ಕೆ ಕೂತೆ. ಎಳೆ ಹರಿಯುತ್ತಲೇ ಹೋಯಿತು. ಸೆರಗು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಯ ಮೇಲೆ ಬಂದಿತ್ತು.

ರೋಣದ ಮೇಲೆ ಹಾಯ್ದು ನರಗುಂದ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅಕ್ಕನ ಗಂಡ, ನಮ್ಮ ಮಾವ, ಮಣ್ಣು ಮಾಡಿ ಬಂದು ಕಾಲು ತೊಳೆಯುತ್ತಿದ್ದರು. ಅವರ ಚಿಗವ್ವ ನನ್ನ ಕಂಕುಳಿನ ಗಂಟು ನೋಡಿದಳು.

"ಬಂದ್ಯಾಪಾ? ಇಂಥಾ ಬಿಸಲಾಗ ಎಟ್ಟೊತ್ತ ಇಟ್ಕೊಂಡ ಕೂಡೂದು? ನೇಕಾರರ ಮಗಳನ್ನ ಅಂಗಡಿ ಸೀರಿ ಉಡಿಸಿ ಕಳಿಸಿದ್ವಿ ನೋಡು."

"ಇರ್ಲಿ ಬಿಡಬೇ ಚಿಗವ್ವಾ," ಎಂದರು ಮಾವ. ಬೈದಿದ್ದರೆ ಚಲೋ ಇತ್ತು.

ಊರಿಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಸೀರಿ ಒಪ್ಪಿತ್ತೇನೋ?"

"ಹೂಂ, ಒಪ್ಪಿತ್ತು," ಎಂದೆ. ಆ ವಾರ ಎರಡೂ ಸೀರೆಗಳನ್ನು ಸಾವುಕಾರರಿಗೆ ಕೊಟ್ಟು ಮಜೂರಿ ತಂದೆ.

ಮುರಿದ ಕಾಲು ಕೂಡಿದ ಮೇಲೆ, ನವರಾತ್ರಿಯ ಮುಂಚೆ ಸತ್ತವರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಗೆ ಮಗಳಿಗೂ ಇಡಬೇಕೆಂದು ಅವ್ವ ಹಟ ಹಿಡಿದಳು. ನರಗುಂದಕ್ಕೆ ಕರೆದುಕೊಂಡು ಹೋದೆ. ಹೊಲ ಇದ್ದವರು ತಮ್ಮ ಹೊಲದ ಬದುವಿನಲ್ಲೇ ಹೂಳುತ್ತಾರೆ. ಮಾವನಿಗೆ ಹೊಲವಿರಲಿಲ್ಲ, ಅಕ್ಕನಿಗೆ ಸಿಕ್ಕದ್ದು ಊರವರೆಲ್ಲರ ಮಸಣ. ಅಲ್ಲಿ ಗುರುತಿಲ್ಲದಿದ್ದರೆ ಮುಂದೆ ಅದೇ ಜಾಗದಲ್ಲಿ ಇನ್ನೊಬ್ಬರ ಕುಣಿ ಬೀಳುತ್ತದೆ. ಅದಕ್ಕೇ ಮಾವ ಗುಡ್ಡದಿಂದ ಒಂದು ಕಲ್ಲು ಹೊತ್ತು ತಂದು ನೆಟ್ಟಿದ್ದರು. ಅವರ ಪಾಲಿನದನ್ನು ಅವರು ಮಾಡಿದ್ದರು.

ಅವ್ವ ಹೋಳಿಗೆಯ ಎಡೆ ಇಟ್ಟು ಆ ಕಲ್ಲು ಸವರಿದಳು. "ತವರ ಸೀರಿ ಉಟಗೊಂಡ ಹೋದ್ಯಲ್ಲ ನನ್ನವ್ವಾ. ಅಷ್ಟ ಸಮಾಧಾನ ನನಗ."

ಮಾವ ನನ್ನನ್ನೊಮ್ಮೆ ನೋಡಿ ಮುಖ ಆಚೆ ತಿರುಗಿಸಿದರು. ನನ್ನ ಸುಳ್ಳನ್ನು ಅವರೂ ಹೊರುವುದನ್ನು ನೋಡಲಾಗಲಿಲ್ಲ. ಎಡೆಯ ಮುಂದೆ ಕೂತೆ.

"ಯವ್ವಾ, ನಾ ಸುಳ್ಳ ಹೇಳೀನಿ. ಸೀರಿ ಮುಟ್ಟಲಿಲ್ಲ," ಎಂದೆ. ಆಮೇಲೆ ಕಲ್ಲಿಗೆ ಹಣೆ ಹಚ್ಚಿದೆ. "ಮಣ್ಣಾಗ ಹೋಗೂದಕ್ಕ ರೇಶ್ಮಿ ಯಾಕಂತ ಜಿಪುಣತನಾ ಮಾಡಿದ್ನಿ, ಅಕ್ಕಾ. ನಿನ್ನ ದಾರಿ ಕಾಯಿಸಿದ್ನಿ. ತಪ್ಪಾತು. ನಂದ ತಪ್ಪಾತು, ಅಕ್ಕಾ."