ಮೂವತ್ತನೆಯವಳು ಹನುಮವ್ವ

ವಡಾಲದ ನಾಕಾದಲ್ಲಿ ಬೆಳಿಗ್ಗೆ ಎಂಟಕ್ಕೆ ಹೋಗಿ ನಿಂತರೆ, ಒಂಬತ್ತರೊಳಗೆ ಯಾರಾದರೊಬ್ಬ ಠೇಕೇದಾರ ಬಂದು ಹನುಮವ್ವನನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದ. ದಿನಗೂಲಿಯವರು ಕೆಲಸಕ್ಕಾಗಿ ಕಾಯುವ ಆ ರಸ್ತೆಯ ಮೂಲೆಯಲ್ಲಿ ಅವಳು ಇಪ್ಪತ್ತಮೂರು ವರ್ಷ ನಿಂತಿದ್ದಾಳೆ. ಯಾದಗಿರಿ ಕಡೆಯವಳು. ಗಂಡ ಬಸವಂತರಾಯ ಗೌಂಡಿ. ಅವನು ಇಟ್ಟಿಗೆ ಕಟ್ಟಿದರೆ ಇವಳು ಸಿಮೆಂಟು ಕಲಸಿ ಬುಟ್ಟಿಯಲ್ಲಿ ಹೊತ್ತು ಕೊಡುವವಳು. ಇಬ್ಬರೂ ಸೇರಿ ಮುಂಬಯಿಯಲ್ಲಿ ಎಷ್ಟು ಬಿಲ್ಡಿಂಗ್ ಎಬ್ಬಿಸಿದ್ದಾರೆಂದು ಕೇಳಿದರೆ ಬಸವಂತರಾಯ ಒಂದು ಲೆಕ್ಕ ಹೇಳುತ್ತಾನೆ, ಹನುಮವ್ವ ಅದರಲ್ಲಿ ಅರ್ಧ ಕಳೆಯುತ್ತಾಳೆ.

ಹೋದ ವರ್ಷ ಅವಳ ಬಲ ಮೊಣಕಾಲು ಕೆಲಸಕ್ಕೆ ಬರುವುದಿಲ್ಲವೆಂದು ಹಟ ಹಿಡಿಯಿತು. ಸರಕಾರಿ ಆಸ್ಪತ್ರೆಯ ಡಾಕ್ಟರು ಕಾಲನ್ನು ಎರಡು ಸಲ ಮಡಿಸಿ ನೋಡಿ, ಭಾರ ಹೊರಬಾರದು, ಇನ್ನು ಕೂತು ಮಾಡುವ ಕೆಲಸ ನೋಡಿಕೊಳ್ಳಬೇಕು ಎಂದರು. ಹನುಮವ್ವ ದಾರಿಯುದ್ದಕ್ಕೂ ಯೋಚಿಸಿದಳು. ಅವಳು ಕಂಡವರಲ್ಲಿ ಕೂತು ಕೆಲಸ ಮಾಡುವವರು ಇಬ್ಬರೇ: ಠೇಕೇದಾರ, ಮತ್ತು ಸ್ಟೇಷನ್ನಿನ ಹೊರಗೆ ಚಪ್ಪಲಿ ಹೊಲಿಯುವವನು.

ಬೇರೆ ದಾರಿ ಕಾಣದೆ ಮತ್ತೆ ನಾಕಾಕ್ಕೇ ಹೋಗಿ ನಿಂತಿದ್ದಾಗ ಸುಕೇಶ್ ಬಂದ. ಧಾರಾವಿಯಲ್ಲಿ ಬಡ ಹೆಂಗಸರಿಗೆ ಉದ್ಯೋಗ ತರಬೇತಿ ಕೊಡುವ ಒಂದು ಸೆಂಟರಿನ ಮ್ಯಾನೇಜರ್ ಅವನು. ಕೈಯಲ್ಲಿ ನಾಲ್ಕು ಬಣ್ಣದ ಕರಪತ್ರ, ಮುಖದಲ್ಲಿ ಗಾಬರಿ. ಮೂವತ್ತು ಜನ ಇದ್ದರೆ ಮಾತ್ರ ಸರಕಾರ ಬ್ಯಾಚಿಗೆ ಒಪ್ಪಿಗೆ ಕೊಡುತ್ತದೆ. ಅವನ ಬಳಿ ಇಪ್ಪತ್ತೊಂಬತ್ತು ಜನ ಇದ್ದರು, ಪಟ್ಟಿ ಕಳಿಸಲು ಸಂಜೆಯವರೆಗೆ ಮಾತ್ರ ಸಮಯವಿತ್ತು.

"ಆಫೀಸ್ ಹೌಸ್‌ಕೀಪಿಂಗ್ ಕೋರ್ಸ್. ಮೂರು ತಿಂಗಳು, ಫ್ರೀ. ನಿಮ್ಮ ವಯಸ್ಸು ಎಷ್ಟು?" ಎಂದು ಕೇಳಿದ.

"ಯಾವ ವಯಸ್ಸು ಬೇಕಾಗಿತ್ರಿ?" ಎಂದಳು ಹನುಮವ್ವ.

"ನಲವತ್ತೈದು ದಾಟಿರಬಾರದು."

ಆಧಾರ್ ಕಾರ್ಡಿನಲ್ಲಿ ಅವಳು ಜನವರಿ ಒಂದರಂದು ಹುಟ್ಟಿದ್ದಳು. ಅವಳ ಊರಿನಲ್ಲಿ ಎಲ್ಲರೂ ಹುಟ್ಟಿದ್ದು ಜನವರಿ ಒಂದಕ್ಕೇ. ಲೆಕ್ಕ ಹಾಕಿದರೆ ಸರಿಯಾಗಿ ನಲವತ್ತೈದು ಬಂತು.

"ಅದು ಖರೇ ಅಲ್ರಿ ಸಾಹೇಬ್ರ," ಎಂದ ಪಕ್ಕದಲ್ಲಿದ್ದ ಬಸವಂತರಾಯ. "ಲಗ್ನದಾಗೇ ಇಕಿ..."

"ಆಧಾರ್ ಸಾಕು," ಎಂದು ಸುಕೇಶ್ ಅವನ ಮಾತನ್ನು ಅಲ್ಲಿಗೇ ತಡೆದು, ಹನುಮವ್ವನ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಿಸಿಕೊಂಡ.

ಸೆಂಟರು ಚರ್ಮದ ಬ್ಯಾಗು ಹೊಲಿಯುವ ಕಾರ್ಖಾನೆಯೊಂದರ ಮೇಲಿತ್ತು. ಅಂಟಿನ ವಾಸನೆ ಕ್ಲಾಸಿನವರೆಗೂ ಬರುತ್ತಿತ್ತು. ಕೂತವರೆಲ್ಲ ಇಪ್ಪತ್ತು, ಇಪ್ಪತ್ತೆರಡರ ಹುಡುಗಿಯರು. ಮೊದಲ ದಿನವೇ ಹನುಮವ್ವ ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ, ಆದಳು. ಕಲಿಸುವವಳು ವಿಜೇತಾ. ಅಪ್ಪ ಅಮ್ಮ ಉಡುಪಿ ಕಡೆಯವರು, ಅವಳು ಮಾತ್ರ ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಮಾತಾಡುವಾಗ ಮಾತ್ರ ಹಿಂದಿಯ ಆಸರೆ ಬೇಕಾಗುತ್ತಿತ್ತು.

ಮೊದಲ ವಾರದ ಪಾಠ ನಗುವುದು. "ಗ್ರಾಹಕರು ಬಂದಾಗ, ಮತ್ಲಬ್, ಹಲ್ಲು ಸ್ವಲ್ಪ ಕಾಣುವ ಹಾಗೆ ನಗ್ಬೇಕು," ಎಂದು ವಿಜೇತಾ ಎಲ್ಲರನ್ನೂ ಕನ್ನಡಿಯ ಮುಂದೆ ನಿಲ್ಲಿಸಿದಳು. ಹನುಮವ್ವನ ಹಲ್ಲುಗಳು ವರ್ಷಗಟ್ಟಲೆ ತಂಬಾಕಿನ ಪುಡಿ ತಿಕ್ಕಿ ಕಪ್ಪಾಗಿದ್ದವು. ಅವಳು ಕನ್ನಡಿ ನೋಡಿ ಬಾಯಿ ಮುಚ್ಚಿದಳು.

"ಟೀಚರ್ರ, ನಾ ನಕ್ಕರ ಗಿರಾಕಿ ಹೋಗ್ತಾರ. ಸುಮ್ನ ಕೈ ಮುಗೀತೀನಿ."

ಎರಡನೆಯ ವಾರ ಕಸ ಎಳೆಯುವ ಯಂತ್ರ ಬಂತು. ಅದು ಆನ್ ಆದ ಕೂಡಲೇ ಹನುಮವ್ವನ ಸೀರೆಯ ಸೆರಗನ್ನು ಹಿಡಿದು ಒಳಗೆಳೆಯತೊಡಗಿತು. ಅವಳು ಹಿಂದೆ ಸರಿದಂತೆಲ್ಲ ಯಂತ್ರ ಗಾಲಿಯ ಮೇಲೆ ಉರುಳುತ್ತ ಅವಳನ್ನೇ ಹಿಂಬಾಲಿಸಿತು. ಹುಡುಗಿಯರು ನಕ್ಕು ನೆಲದ ಮೇಲೆ ಕೂತುಬಿಟ್ಟರು. ಸ್ವಿಚ್ ಆರಿಸುವವರೇ ಇರಲಿಲ್ಲ. ಆದರೆ ಅದೇ ವಾರ, ನೆಲ ಒರೆಸುವ ಔಷಧಿಗೆ ಎಷ್ಟು ನೀರು ಬೆರೆಸಬೇಕೆಂಬ ಪಾಠದಲ್ಲಿ ಎಲ್ಲರ ತಲೆ ಕೆಟ್ಟಾಗ, ಹನುಮವ್ವ ಒಮ್ಮೆ ನೋಡಿ ಹಿಡಿದುಬಿಟ್ಟಳು. "ಇದು ಸಿಮೆಂಟಿನ ಲೆಕ್ಕಾನೇ ಅಲ್ಲೇನು? ಪ್ಲಾಸ್ಟರಿಗೆ ಒಂದಕ್ಕ ನಾಲ್ಕು, ಗ್ವಾಡಿಗೆ ಒಂದಕ್ಕ ಆರು," ಎಂದು ಮಗ್ಗು ಎತ್ತಿ ತೋರಿಸಿದಳು. ಆಮೇಲೆ ಆ ಪಾಠವನ್ನು ವಿಜೇತಾ ಅವಳಿಗೇ ಬಿಟ್ಟಳು.

ಕಷ್ಟವಾಗಿದ್ದು ಇಂಟರ್‌ವ್ಯೂ ಪಾಠ. ವಿಜೇತಾ ಮೇಜಿನ ಆಚೆ ಸಾಹೇಬರಂತೆ ಕೂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು.

"ಮೊದಲಿನ ಕೆಲಸ ಯಾಕೆ ಬಿಟ್ರಿ?"

"ಬಿಲ್ಡಿಂಗ್ ಮುಗೀತ್ರಿ."

"ಅದಕ್ಕಿಂತ ಮೊದಲಿನದು?"

"ಅದೂ ಮುಗೀತು."

"ಓಕೆ. ನಿಮ್ಮ ವೀಕ್‌ನೆಸ್ ಏನು?"

"ಮೊಣಕಾಲು."

"ಹಾಗೆ ಹೇಳ್ಬಾರ್ದು ಮೌಶಿ. ನಾನು ಜಾಸ್ತಿ ಕೆಲಸ ಮಾಡ್ತೇನೆ, ಅದೇ ನನ್ನ ವೀಕ್‌ನೆಸ್ ಅಂತ ಹೇಳ್ಬೇಕು."

"ಅದು ಸುಳ್ಳಲ್ಲೇನ್ರಿ? ಠೇಕೇದಾರ ಇಲ್ಲದಾಗ ನಾ ಕುಂತೇ ಇರ್ತಿದ್ದೆ."

ವಿಜೇತಾ ನಗು ತಡೆದುಕೊಂಡು ಕೊನೆಯ ಪ್ರಶ್ನೆ ಕೇಳಿದಳು. "ಐದು ವರ್ಷ ಆದ ಮೇಲೆ ನೀವು ಎಲ್ಲಿರ್ತೀರಿ?"

"ವಡಾಲದಾಗೇ. ಮುನ್ಸಿಪಾಲ್ಟಿಯವರು ಎಬ್ಬಿಸಲಿಲ್ಲಂದ್ರ."

ಚಹಾದ ಹೊತ್ತಿಗೆ ಹುಡುಗಿಯರು ಅವಳ ಸುತ್ತ ಕೂರುತ್ತಿದ್ದರು. ಕೆಲಸ ಕೊಡುವವರ ಮುಂದೆ ಹೇಗೆ ಮಾತಾಡಬೇಕೆಂದು ಹನುಮವ್ವ ತನ್ನ ಕಡೆಯ ಪಾಠ ಹೇಳುತ್ತಿದ್ದಳು. ಒಳಗೆ ಹೋಗುವ ಮೊದಲು ವಾಚ್‌ಮನ್ ಹತ್ತಿರ ಮಾತಾಡಬೇಕು. ಸಾಹೇಬ ಹೇಳಿದ ಮೊದಲನೆಯ ಮಾತಿಗೆ ಒಪ್ಪಬಾರದು. ಎದ್ದು ಹೊರಡಬೇಕು. "ಆದ್ರ ಸಾವಕಾಶ ಹೋಗ್ರಿ ಮತ್ತ. ಅವ ಹಿಂದ ಕರೀಲಿಕ್ಕೆ ಟೈಮ್ ಕೊಡಬೇಕು."

ಮೂರು ತಿಂಗಳು ಕಳೆದು ಸುಕೇಶ್ ಆರು ಜನರನ್ನು ಮಲಾಡಿನ ಒಂದು ಆಫೀಸಿಗೆ ಕಳಿಸಿದ. ಹನುಮವ್ವ ಮತ್ತು ಐದು ಹುಡುಗಿಯರು ತಿಳಿನೀಲಿ ಯೂನಿಫಾರ್ಮ್ ಹಾಕಿಕೊಂಡು ಲೋಕಲ್ ಬದಲಾಯಿಸಿ ಅಲ್ಲಿಗೆ ಮುಟ್ಟಿದರು. ಹುಡುಗಿಯರು ಲಿಫ್ಟಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಾಗ ಹನುಮವ್ವ ವಾಚ್‌ಮನ್ ಜೊತೆ ಮಾತಾಡಿ ಬಂದಳು. ಆಫೀಸು ಹೊಸದು; ಸೋಮವಾರ ಉದ್ಘಾಟನೆ; ಇನ್ನೂ ಕಸ ಗುಡಿಸಲು ಒಬ್ಬರೂ ಸಿಕ್ಕಿರಲಿಲ್ಲ.

ಇಂಟರ್‌ವ್ಯೂ ಮಾಡಿದವನು ಹಿತೇಶ್ ಎಂಬ ಮ್ಯಾನೇಜರ್. ಆರೂ ಜನರನ್ನು ಒಟ್ಟಿಗೆ ಕೂರಿಸಿ, ಹೆಸರು ಕೇಳಿ, ಹಿಂದಿಯಲ್ಲಿ ನಿಯಮ ಹೇಳಿದ. ದಿನಕ್ಕೆ ಹನ್ನೆರಡು ತಾಸು. ತಿಂಗಳಿಗೆ ಎರಡು ರಜೆ. ಹುಡುಗಿಯರು ಪಾಠದಲ್ಲಿ ಕಲಿತಂತೆ ನಕ್ಕು ಥ್ಯಾಂಕ್ಯೂ ಸರ್ ಎನ್ನಲು ಬಾಯಿ ತೆರೆದರು.

ಹನುಮವ್ವ ಎದ್ದು ನಿಂತಳು. "ಚಲೋ, ನಡೀರಿ ಹೋಗೋಣು," ಎಂದಳು.

ಐದೂ ಹುಡುಗಿಯರು ಎದ್ದರು. ಸಾವಕಾಶ ಹೋಗಬೇಕೆಂಬುದು ಎಲ್ಲರಿಗೂ ನೆನಪಿತ್ತು, ಯಕ್ಷಿತಾ ಒಬ್ಬಳನ್ನು ಬಿಟ್ಟು. ಅವಳು ಹೆದರಿ ಓಡಿ, ಲಿಫ್ಟು ಹತ್ತಿ, ಯಾರಾದರೂ ತಿರುಗಿ ನೋಡುವಷ್ಟರಲ್ಲಿ ಕೆಳಗಿನ ಗೇಟು ದಾಟಿದ್ದಳು. ಒಬ್ಬಳು ಆಗಲೇ ಕಾಣೆಯಾದದ್ದನ್ನು ನೋಡಿ ಹಿತೇಶನಿಗೆ ಸೋಮವಾರದ ಉದ್ಘಾಟನೆ ಕಣ್ಣ ಮುಂದೆ ಬಂತು.

"ಅರೆ ಮೌಶಿ, ಬೈಠೋ ತೋ ಸಹಿ," ಎಂದು ಕೂರಲು ಕೈ ತೋರುತ್ತ ಅವನು ಬಾಗಿಲಿಗೆ ಅಡ್ಡ ನಿಂತ.

ಹನುಮವ್ವ ಕೂತಳು. ಎಂಟು ತಾಸು, ಪ್ರತಿ ಭಾನುವಾರ ರಜೆ ಎಂದು ಮಾತಾಯಿತು. ಆಮೇಲೆ ಅವಳು, ಹುಡುಗಿಯರು ಎಲ್ಲಿ ಕೂತು ಊಟ ಮಾಡಬೇಕೆಂದು ಕೇಳಿದಳು. ಹಿತೇಶ್ ಅದನ್ನು ಯೋಚಿಸಿಯೇ ಇರಲಿಲ್ಲ. ಮೆಟ್ಟಿಲ ಕೆಳಗೆ ಜಾಗವಿದೆ ಎಂದ. ತೋರಿಸಿ ಎಂದಳು. ಇಬ್ಬರೂ ಹೋಗಿ ನೋಡಿದರು. ಅಲ್ಲಿ ಬಕೆಟ್ಟುಗಳಿಗೇ ಜಾಗ ಸಾಲದಾಗಿತ್ತು. ಹಿತೇಶ್ ವಾಪಸು ಬಂದು ಪ್ಯಾಂಟ್ರಿಯಲ್ಲಿ ಒಂದು ಮೇಜು ಹಾಕಿಸುವುದಾಗಿ ಬರೆದುಕೊಟ್ಟ. ಅಷ್ಟರಲ್ಲಿ ಯಕ್ಷಿತಾಳನ್ನೂ ಫೋನ್ ಮಾಡಿ ಮೇಲೆ ಕರೆಸಿದ್ದಾಗಿತ್ತು.

ಸಂಜೆ ಅವನು ಸುಕೇಶನಿಗೆ ಫೋನ್ ಮಾಡಿದ. ಐದು ಹುಡುಗಿಯರೂ ಸೋಮವಾರದಿಂದ ಬರಲಿ, ಆ ಮೌಶಿ ಮಾತ್ರ ಬೇಡ ಎಂದ. "ಆಕೆ ಬಂದರೆ ತಿಂಗಳೊಳಗೆ ನನ್ನ ಕುರ್ಚಿಯಲ್ಲಿ ಕೂತಿರುತ್ತಾಳೆ," ಎಂದನಂತೆ.

ಸುದ್ದಿ ಹೇಳುವ ಕೆಲಸ ವಿಜೇತಾಳ ಪಾಲಿಗೆ ಬಂತು. ಹನುಮವ್ವ ಕೇಳಿ ಮೊದಲು ನಕ್ಕಳು, ಹುಡುಗಿಯರ ಕೆನ್ನೆ ತಟ್ಟಿದಳು. ವಡಾಲ ಸ್ಟೇಷನ್ನಿನಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತು ನಾಲ್ಕೈದು ಗಾಡಿ ಬಂದು ಹೋಗುವುದನ್ನು ನೋಡಿದಳು. ನಾಕಾದಲ್ಲಿ ಹತ್ತು ಗಂಟೆಯಾದರೂ ಯಾರೂ ಕರೆಯದೆ ಉಳಿದವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅವಳು ಹಾಗೆ ಉಳಿದದ್ದು ಬಹಳ ಕಡಿಮೆ.

ಸುಕೇಶ್ ಅವಳನ್ನು ಇನ್ನೂ ಎರಡು ಕಡೆ ಕಳಿಸಿದ. ಒಂದು ಖಾಸಗಿ ಆಸ್ಪತ್ರೆಯಲ್ಲಿ "ಪ್ರೆಶರ್ ತಡೆದುಕೊಳ್ತೀರಾ?" ಎಂದು ಕೇಳಿದರು. "ಬಿ.ಪಿ. ಇಲ್ರಿ, ಶುಗರೂ ಇಲ್ಲ, ಮೊಣಕಾಲೊಂದೇ," ಎಂದು ಅವಳು ತನ್ನ ಹಿಂದಿಯಲ್ಲಿ ಧೈರ್ಯ ಹೇಳಿದಳು. ಇನ್ನೊಂದು ಕಡೆ ಮುಖ ನೋಡಿಯೇ, ಆಧಾರ್ ಕಾರ್ಡು ಸರಿ ಇದೆಯೇ ಎಂದು ಕೇಳಿ ವಾಪಸು ಕಳಿಸಿದರು. ಉಳಿದ ಇಪ್ಪತ್ತೊಂಬತ್ತು ಜನರಿಗೂ ಎಲ್ಲೋ ಒಂದು ಕಡೆ ಕೆಲಸ ಸಿಕ್ಕಿತು. ಕೆಲಸ ಸಿಕ್ಕವರ ಚೌಕ ತುಂಬುವ ಸುಕೇಶನ ಗೋಡೆಯ ಮೇಲಿನ ಪಟ್ಟಿಯಲ್ಲಿ ಒಂದು ಚೌಕ ಮಾತ್ರ ಖಾಲಿ ಉಳಿಯಿತು. ಅದಕ್ಕಿಂತ ದೊಡ್ಡ ಚಿಂತೆ ಹೊಸ ಬ್ಯಾಚಿನದು. ನಾಲ್ಕು ಬಣ್ಣದ ಕರಪತ್ರ ಐನೂರು ಹಂಚಿದರೂ ಎಂಟು ಜನ ಬಂದಿದ್ದರು.

ಒಂದು ಗುರುವಾರ ಹನುಮವ್ವ ನಾಕಾದ ನಾಲ್ಕು ಹೆಂಗಸರನ್ನು ಕರೆದುಕೊಂಡು ಸೆಂಟರಿಗೆ ಬಂದಳು. "ಇವರನ್ನ ಕೂಡಿಸ್ಕೊಳ್ರಿ," ಎಂದು ಹೇಳಿ ಹೋದಳು. ಮಾರನೆಯ ದಿನ ಏಳು ಜನ. ಶನಿವಾರ ಹನ್ನೆರಡು. ಕೂರಿಸಲು ಕುರ್ಚಿ ಸಾಲದೆ ಸುಕೇಶ್ ಕೆಳಗಿನ ಬ್ಯಾಗಿನ ಕಾರ್ಖಾನೆಯಿಂದ ಸ್ಟೂಲು ತರಿಸಿದ.

"ಅವರಿಗೆ ಏನು ಹೇಳಿದ್ರಿ ಮಾರಾಯ್ರೆ?" ಎಂದು ಕೇಳಿದ.

"ಇದ್ದದ್ದು ಹೇಳ್ದೆ. ಕೆಲಸ ಸಿಕ್ಕರ ಸಿಗ್ತದ, ಇಲ್ಲಂದ್ರ ಇಲ್ಲ. ಮೂರು ತಿಂಗಳು ನೆರಳಾಗ ಕುಂಡ್ರಬಹುದು. ಚಹಾ ಕೊಡ್ತಾರ. ಟೀಚರ್ ಚೊಲೊ ಹುಡುಗಿ, ಕನ್ನಡ ಸ್ವಲ್ಪ ತೊದಲ್ತದ. ಮಿಷನ್ ಹತ್ರ ಸೆರಗು ಕಟ್ಕೊಂಡು ಹೋಗ್ರಿ ಅಂತ ಹೇಳ್ದೆ."

ಹನುಮವ್ವ ಹೋದ ಮೇಲೆ ವಿಜೇತಾ ಸುಕೇಶನ ಮೇಜಿನ ಮುಂದೆ ನಿಂತಳು. "ಸರ್, ಜನ ಕರೆತರೋ ಒಂದು ಪೋಸ್ಟು ನಮ್ಮಲ್ಲೇ ಖಾಲಿ ಉಂಟಲ್ಲ. ಮೌಶಿಯನ್ನು ಹೊರಗೆ ಯಾಕೆ ಕಳಿಸೋದು?"

ಪೋಸ್ಟಿಗೆ ಹನ್ನೆರಡನೆಯ ಕ್ಲಾಸು ಪಾಸಾಗಿರಬೇಕೆಂದು ನಿಯಮವಿತ್ತು. ಹನುಮವ್ವ ಒಂದನೆಯದೂ ನೋಡಿದವಳಲ್ಲ. ಸುಕೇಶ್ ವಿದ್ಯಾರ್ಹತೆಯ ಜಾಗದಲ್ಲಿ 'ಇಪ್ಪತ್ತಮೂರು ವರ್ಷ ಅನುಭವ' ಎಂದು ಬರೆದು ಕಳಿಸಿದ. ಯಾವ ಕ್ಷೇತ್ರದಲ್ಲಿ ಎಂದು ಮುಖ್ಯ ಕಚೇರಿಯಿಂದ ಅರ್ಜಿ ತಿರುಗಿ ಬಂತು. ಅವನು ಸ್ವಲ್ಪ ಹೊತ್ತು ಯೋಚಿಸಿ 'ಕಾರ್ಮಿಕ ಮಾರುಕಟ್ಟೆ' ಎಂದು ತುಂಬಿದ. ಅಂಥ ಅನುಭವಿ ಸಿಕ್ಕಿದ್ದು ಸಂತೋಷವೆಂದು ಎರಡೇ ದಿನದಲ್ಲಿ ಒಪ್ಪಿಗೆ ಬಂತು. ಗೋಡೆಯ ಮೇಲಿನ ಖಾಲಿ ಚೌಕವನ್ನು ವಿಜೇತಾ ತಾನೇ ಹಸಿರು ಪೆನ್ನಿನಿಂದ ತುಂಬಿದಳು.

ಈಗ ಹನುಮವ್ವ ಬೆಳಿಗ್ಗೆ ಎರಡು ತಾಸು ನಾಕಾಗಳಲ್ಲಿ ತಿರುಗುತ್ತಾಳೆ, ಆಮೇಲೆ ಸೆಂಟರಿನಲ್ಲಿ ಕುರ್ಚಿಯ ಮೇಲೆ ಬಲಗಾಲು ಚಾಚಿ ಕೂರುತ್ತಾಳೆ. ಕೊರಳಲ್ಲಿ ಫೋಟೋ ಇರುವ ಕಾರ್ಡು. ಓದು ಬರಹದ ಕೆಲಸ ವಿಜೇತಾಳದು, ಬಂದವರನ್ನು ಮಾತಾಡಿಸುವುದು ಇವಳದು. ಯಾರು ಮೂರು ತಿಂಗಳು ಕೂರುತ್ತಾರೆ, ಯಾರು ಚಹಾ ಕುಡಿದು ಹೋಗುತ್ತಾರೆಂದು ನೋಡಿದ ಕೂಡಲೇ ಹೇಳುತ್ತಾಳೆ. ನಾಲ್ಕರಲ್ಲಿ ಮೂರು ಸಲ ಸರಿಯಾಗಿರುತ್ತದೆ.

ಹೋದ ತಿಂಗಳು ಸೆಂಟರಿನಲ್ಲಿ ಗೌಂಡಿಗಳಿಗೆ ಟೈಲ್ಸ್ ಕೂರಿಸುವ ತರಬೇತಿ ಶುರುವಾಯಿತು. ವಯಸ್ಸಿನ ಮಿತಿ ಇಲ್ಲ. ಬಸವಂತರಾಯ ಮನೆಯಲ್ಲಿ ಉಂಡು ಕೈ ತೊಳೆಯುತ್ತ, "ನನ್ನ ಹೆಸರೂ ಹಚ್ಚಿಬಿಡು," ಎಂದ.

"ಮನ್ಯಾಗ ಹಚ್ಚಂಗಿಲ್ಲ. ಆಧಾರ್ ತಗೊಂಡು ಹತ್ತು ಗಂಟೆಗೆ ಬರ್ರಿ," ಎಂದಳು ಹನುಮವ್ವ.

ಮಾರನೆಯ ದಿನ ಅವನು ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು ಸಾಲಿನಲ್ಲಿ ಎಂಟು ಜನರ ಹಿಂದೆ ನಿಂತ. ಅವನ ಸರದಿ ಬಂದಾಗ ವಿಜೇತಾ ಫಾರ್ಮಿನಿಂದ ತಲೆಯೆತ್ತದೆ, "ಮೌಶಿ, ಇವರ ಹೆಸರು?" ಎಂದಳು.

ಹನುಮವ್ವ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದಳು. ವಿಜೇತಾ ಮತ್ತೆ ಕೇಳಿದಳು.

"ನಾ ಹೇಳಂಗಿಲ್ರಿ," ಎಂದು ಹನುಮವ್ವ ಸೆರಗಿನಿಂದ ಬಾಯಿ ಮುಚ್ಚಿ ಮುಖ ತಿರುಗಿಸಿದಳು. "ಗಂಡನ ಹೆಸರು ಹ್ಯಾಂಗ ಹೇಳಲಿ? ಅವರನ್ನೇ ಕೇಳ್ರಿ."

ಸಾಲಿನಲ್ಲಿದ್ದ ಗೌಂಡಿಗಳೆಲ್ಲ ಬಾಗಿ ನೋಡಿದರು. ಬಸವಂತರಾಯ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ತನ್ನ ಹೆಸರು, ತಂದೆಯ ಹೆಸರು, ಊರು, ತಾಲೂಕು ಎಲ್ಲವನ್ನೂ ಹೆಂಡತಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.