ಪಾಳಿ ಅಕ್ಕ ಇಟ್ಟ ಸ್ವಿಚ್ಚು

ನಮ್ಮ ಗಾಜಿನ ಕಾರ್ಖಾನೆಯ ಕುಲುಮೆ ಆರುವಂತಿಲ್ಲ. ಹಾಗಾಗಿ ಯಾರಾದರೂ ಸದಾ ಬೇಯುತ್ತಿರಬೇಕು. ಯಾರು ಯಾವಾಗ ಬೇಯಬೇಕೆಂದು ಹಂಚುವ ಸಾಫ್ಟ್‌ವೇರ್ ಬರೆದವಳು ಪಾಳಿ ಅಕ್ಕ. ಉಗ್ರಾಣದ ಹಿಂದೆ ಬಾಗಿಲಿಲ್ಲದ ಕೋಣೆ ಅವಳದು. ದೂರು ಹೇಳಬೇಕಾದವರು ನೇರ ನುಗ್ಗುತ್ತಿದ್ದರು.

"ಅಕ್ಕಾ, ನಾನು ಮನೆಗೆ ಹೋದಾಗ ಗಂಡ ಇಲ್ಲಿರ್ತಾನೆ. ನಿನ್ನ ಕಂಪ್ಯೂಟರ್ ನನ್ನ ಸಂಸಾರ ಮುರೀತಿದೆ," ಎಂದಳು ಪ್ಯಾಕಿಂಗ್‌ನವಳು.

"ನಿನ್ನ ಗಂಡನ್ನ ನೋಡಿದೀನಲ್ಲ, ಉಪಕಾರ ಮಾಡ್ದೆ ಅಂದ್ಕೊಂಡಿದ್ದೆ." ಸಂಜೆಯೊಳಗೆ ಅಕ್ಕ ಸರಿಮಾಡಿದಳು.

ಒಂದು ನಿಯಮ ಮಾತ್ರ ಅಲ್ಲಾಡುತ್ತಿರಲಿಲ್ಲ: ರಾತ್ರಿ ಪಾಳಿ ಮುಗಿಸಿದವರಿಗೆ ಅದರ ಬೆನ್ನಿಗೇ ಬೆಳಗಿನ ಪಾಳಿ ಇಲ್ಲ. ನಮ್ಮ ಸಂಘ ಮುಷ್ಕರ ಹೂಡಿ, ಗೇಟಿನೆದುರು ಏಟು ತಿಂದು ಗಳಿಸಿದ್ದು ಅದು. ಅಕ್ಕನ ಅಪ್ಪ ತೂಕಡಿಸಿ ಇದೇ ಕುಲುಮೆಗೆ ಬೆರಳು ಕೊಟ್ಟಿದ್ದ. ಮಗಳು ನಿಯಮವನ್ನು ಸಾಫ್ಟ್‌ವೇರಿನ ಹೊಟ್ಟೆಯಲ್ಲೇ ಹೂತಿದ್ದಳು.

ಮ್ಯಾನೇಜರಿಗೆ ಇದನ್ನು ಬೇರೆ ಕಾರ್ಖಾನೆಗಳಿಗೂ ಮಾರುವ ಆಸೆ ಹುಟ್ಟಿತು.

"ಇದು ನಮ್ಮ ಮೈಗೆ ಹೊಲಿದ ಅಂಗಿ ಸಾರ್," ಎಂದಳು ಅಕ್ಕ. "ಎಲ್ಲರಿಗೂ ಮಾರೋದಾದ್ರೆ ಒಂದೊಂದು ನಿಯಮಕ್ಕೂ ಸ್ವಿಚ್ಚು ಇಡ್ಬೇಕು. ಬೇಕಾದೋರು ಹಾಕ್ಕೋತಾರೆ, ಬೇಡದೋರು ಆರಿಸ್ತಾರೆ."

"ಆ ಬೆಳಗಿನ ಪಾಳಿ ನಿಯಮಕ್ಕೂ ಒಂದು ಇಡಮ್ಮ," ಎಂದ ಮ್ಯಾನೇಜರ್, ಹಸುಗೂಸಿನ ಮುಖ ಮಾಡಿ.

ಸ್ವಿಚ್ಚು ಹುಟ್ಟಿದರೆ ಅದನ್ನು ಮೊದಲು ಆರಿಸುವ ಬೆರಳು ಯಾರದೆಂದು ನಮಗೆ ಗೊತ್ತಿರಲಿಲ್ಲವೇ? ನಮ್ಮ ನಿದ್ದೆಗೇ ಕುತ್ತು. ಸಂಘದವರೆಲ್ಲ ಕೋಣೆಗೆ ನುಗ್ಗಿ ಅಕ್ಕನನ್ನು ಬಾಯಿಗೆ ಬಂದಂತೆ ಬೈದೆವು.

"ಮುಗೀತಾ? ಜಾಗ ಬಿಡಿ. ಕೊಳ್ಳೋರನ್ನ ಮಾತಾಡಿಸ್ಬೇಕು," ಎಂದಳು.

ಮುಖ ಕಾಣದ ಗಿರಾಕಿಗಳಿಗೆ ಬೇಕಾದ್ದು ಊಹೆಗೆ ಸಿಗುವುದಿಲ್ಲ. ಒಬ್ಬೊಬ್ಬರನ್ನೂ ಕೇಳಿದಳು. ಎಲ್ಲರದೂ ಒಂದೇ ಹಟ: ಯಾವ ನಿಯಮವನ್ನು ಯಾರು ಬದಲಿಸಿದರೆಂದು ಎದ್ದು ಕಾಣಬೇಕು. ನಾಳೆ ಜಗಳವಾದರೆ ಯಾರ ಕುತ್ತಿಗೆ ಹಿಡಿಯಬೇಕೆಂದು ತಿಳಿಯಬೇಕಲ್ಲ. ದುಡ್ಡು ಕೊಡುವವರು ಕೇಳಿದ್ದು. ಅಕ್ಕ ಬರೆದುಕೊಟ್ಟ ಪಟ್ಟಿಯನ್ನು ಮ್ಯಾನೇಜರ್ ಓದದೆಯೇ ಒಪ್ಪಿದ.

ಸರಕು ಬಿಕರಿಯಾಯಿತು. ನಮ್ಮಲ್ಲೂ ಹಳೆಯದರ ಜಾಗಕ್ಕೆ ಅದೇ ಸಾಫ್ಟ್‌ವೇರ್ ಬಂತು. ಬಂದ ದಿನವೇ ಮ್ಯಾನೇಜರ್ ಸ್ವಿಚ್ಚು ಆರಿಸಿದ.

ಊಟದ ಕೋಣೆಯಲ್ಲಿ ಪಾಳಿ ಪಟ್ಟಿ ತೋರಿಸುವ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ರಾತ್ರಿ ಪಾಳಿಯ ನಂತರದ ವಿಶ್ರಾಂತಿ ರದ್ದು. ರದ್ದು ಮಾಡಿದವರು: ಮ್ಯಾನೇಜರ್. ಪಕ್ಕದಲ್ಲಿ ಅವನ ಗುರುತಿನ ಚೀಟಿಯ ಫೋಟೊ, ಕಣ್ಣು ಅರ್ಧ ಮುಚ್ಚಿ ಗೊರಕೆಗೆ ಸಿದ್ಧನಾದಂತೆ.

ನಾವು ತಟ್ಟೆ ಹಿಡಿದುಕೊಂಡೇ ಅವನ ಕೋಣೆಗೆ ಹೋಗಿ ನೆಲದ ಮೇಲೆ ಕೂತು ಉಂಡೆವು. ಯಾರೂ ಕೂಗಲಿಲ್ಲ. ಅವನು ಅಕ್ಕನನ್ನು ಕರೆಸಿದ.

"ಆ ಫೋಟೊ ತೆಗಿ."

"ಆಗಲ್ಲ ಸಾರ್. ಅದೀಗ ಎಲ್ಲ ಕಾರ್ಖಾನೆಗೂ ಹೋಗಿರೋ ಮಾಲು. ಒಬ್ಬರು ಬಂದು ಹೇಳಿದ ತಕ್ಷಣ ಬದಲಿಸೋಕೆ ಇದೇನು ನಮ್ಮ ಹಳೇದಾ? ಸ್ವಿಚ್ಚು ವಾಪಸ್ ಹಾಕಿ, ತಾನೇ ಹೋಗುತ್ತೆ."

ಹಾಕಿದ. ನಾವು ಎದ್ದು ಕೈ ತೊಳೆಯಲು ಹೋದೆವು.