ವರ್ಷಿಣಿಯ ಕನ್ನಡಕದ ಗೀರು

ನನ್ನ ಮಗ ಶಿವಮೂರ್ತಿಯ ಮಗಳು ವರ್ಷಿಣಿಗೆ ಹದಿನೆಂಟು ತುಂಬಿತು. ಕೇಕು ಕತ್ತರಿಸುವ ಮೊದಲೇ ಕಣ್ಣಿಗೆ ಲೇಸರ್ ಮಾಡಿಸಿ ಎಂದು ಶುರು ಹಚ್ಚಿಕೊಂಡಳು. ತಿಪಟೂರಿನ ಕಾಲೇಜಿನಲ್ಲಿ ಕಬಡ್ಡಿ ಆಡುತ್ತಾಳೆ. ಆಡುವಾಗ ಕನ್ನಡಕ ತೆಗೆದಿಡಬೇಕು. ತೆಗೆದರೆ ತನ್ನ ಕಡೆಯವಳನ್ನೇ ಹಿಡಿದು ಕೆಡವುತ್ತಾಳೆ. ಇನ್ನು ಮೂರು ತಿಂಗಳಿಗೆ ವಿಶ್ವವಿದ್ಯಾಲಯದ ತಂಡದ ಆಯ್ಕೆ. ಅಷ್ಟರೊಳಗೆ ಕನ್ನಡಕ ತೊಲಗಬೇಕಂತೆ.

ನಾನು ಕಣ್ಣಿನ ಪೊರೆ ತೆಗೆಸಿದ್ದು ಅರವತ್ತೆಂಟಕ್ಕೆ. ಆಗ ನಮ್ಮ ಯಜಮಾನರಿದ್ದರು. ನನಗೆಂದು ಆಸ್ಪತ್ರೆಗೆ ಎರಡು ಎಳನೀರು ತಂದು ಎರಡನ್ನೂ ತಾವೇ ಕುಡಿದರು. ಅದಿರಲಿ.

ಇವಳ ಕಾಟ ತಾಳಲಾರದೆ ನಾನೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ, ವಯಸ್ಸೇನೋ ಸರಿ, ಆದರೆ ಒಂದು ವರ್ಷದಿಂದ ನಂಬರು ಬದಲಾಗಿರಬಾರದು, ಹಳೇ ಕನ್ನಡಕ ಕೊಡು ಎಂದರು. ಇವಳು ಹಾಕಿದ್ದನ್ನೇ ಬಿಚ್ಚಿ ಕೊಟ್ಟಳು. ಯಂತ್ರದಲ್ಲಿಟ್ಟು ನೋಡಿದರೆ ಕಣ್ಣಿನ ನಂಬರೂ ಅದರ ನಂಬರೂ ಒಂದೇ. ವರ್ಷದ ಹಿಂದಿನದೇ ತಾನೆ ಎಂದು ಕೇಳಿದ್ದಕ್ಕೆ ಹೂಂ ಎಂದಳು.

ನಾನು ಕನ್ನಡಕವನ್ನು ಸೆರಗಿನಲ್ಲಿ ಒರೆಸಲು ತೆಗೆದುಕೊಂಡೆ. ಹೋದ ವರ್ಷ ಕೊಬ್ಬರಿ ಚಿಪ್ಪು ಒಡೆಯುವಾಗ ಚೂರು ಸಿಡಿದು ಬಲಗಡೆ ಗಾಜಿಗೆ ಉದ್ದಕ್ಕೆ ಗೀರು ಬಿದ್ದಿತ್ತು. ದಿನವೆಲ್ಲ ಬೈದಿದ್ದೆ. ಈಗ ಗೀರೇ ಇಲ್ಲ.

“ಈ ಗಾಜು ಯಾವಾಗ ಹಾಕ್ಸ್ದೆ ಕಣೇ?”

ಡಾಕ್ಟರಮ್ಮನ ಎದುರೇ ಒಪ್ಪಿಕೊಂಡಳು. ಹೋದ ವಾರ ಅಂಗಡಿಯಲ್ಲಿ ಕಣ್ಣು ತೋರಿಸಿ, ಹಳೇ ಫ್ರೇಮಿಗೆ ಈಗಿನ ನಂಬರಿನ ಗಾಜು ಕೂರಿಸಿಕೊಂಡು ಬಂದಿದ್ದಳು. ವರ್ಷದಲ್ಲಿ ಮುಕ್ಕಾಲು ನಂಬರು ಏರಿತ್ತು. ಏರುತ್ತಿರುವಾಗಲೇ ಮಾಡಿದರೆ ಮತ್ತೆ ಕನ್ನಡಕ ಬರಬಹುದು, ವರ್ಷ ಬಿಟ್ಟು ಬಾ ಎಂದು ಡಾಕ್ಟರಮ್ಮ ಕಳಿಸಿದರು.

ಊರಿಗೆ ಬರುವಾಗ ಹೊನ್ನವಳ್ಳಿ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

“ಹದ್ನೆಂಟಾಯ್ತಲ್ಲ ಅಜ್ಜಿ. ನಿಂಗ್ಯಾಕೆ ಬೇಕಿತ್ತು?”

“ಕೊಬ್ಬರಿ ಆಗ್ಲಿ ಅಂತ ಅಟ್ಟಕ್ಕೆ ಹಾಕಿದ್ ಕಾಯ್ನ, ವರ್ಷ ಆಯ್ತು ಅಂತ ಒಡೀತೀವೇನೆ? ಕಿವಿ ಹತ್ರ ಅಲ್ಲಾಡ್ಸಿ, ಒಳಗಿನ ನೀರು ಆರೈತೆ ಅಂದ್ಮೇಲೆ ತಾನೆ?”

ಅಲ್ಲಿಗೆ ಮಾತು ಬಿಟ್ಟಳು. ಎಂಟು ದಿನ. ಊಟಕ್ಕೆ ಕರೆದರೆ ಅವರಮ್ಮ ಅನುಪಮಾಗೆ ಹೇಳಿ ನನಗೆ ಉತ್ತರ ಕಳಿಸುತ್ತಿದ್ದಳು.

ನಿನ್ನೆ ಅಟ್ಟದಿಂದ ಕೊಬ್ಬರಿ ಇಳಿಸಿದೆವು. ಚಿಪ್ಪು ಒಡೆಯಲು ಬಂದವಳು ಕನ್ನಡಕ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು.

“ಚೂರು ಕಣ್ಣಿಗೆ ಸಿಡುದ್ರೆ ಏನೇ ಗತಿ? ಹಾಕ್ಕೊಳ್ಳೇ,” ಎಂದೆ.

“ಗೀರು ಬಿದ್ರೆ ಮುಂದ್ಲೊರ್ಷ ಡಾಕ್ಟ್ರಿಗೆ ಅದ್ನೂ ಹೇಳ್ತೀಯ, ಬುಡು,” ಎಂದು ಮಚ್ಚು ತೆಗೆದುಕೊಂಡಳು.

ಅಂತೂ ಬಾಯಿ ಬಿಟ್ಟಳು. ಕನ್ನಡಕವನ್ನು ನಾನೇ ಅವಳ ಮೂಗಿಗೆ ಏರಿಸಬೇಕಾಯಿತು.